ಮನೆಗೆ ಹೈಬ್ರಿಡ್ ಸೌರ ಇನ್ವರ್ಟರ್: ಹಣ ಕೊಡುವ ಮುನ್ನ ಪರೀಕ್ಷಿಸುವ ಬಗೆ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ ಸಿದ್ಧಪಡಿಸಿದ ಭಾಷಣ)



ಹಾಲು ಕರೆಯುವ ಯಂತ್ರವನ್ನು ನೆಚ್ಚಿಕೊಂಡ ಮನೆಯಲ್ಲಿ ಬೆಳಗಿನ ಜಾವ ಕರೆಂಟು ಹೋದರೆ ಆಗುವ ಪೇಚಾಟ ಹೈನುಗಾರಿಕೆ ಮಾಡುವವರಿಗೆಲ್ಲ ಗೊತ್ತು. ಡೇರಿಯಲ್ಲಿ ಹಾಲು ಅಳೆಯುವ ಹೊತ್ತು ಯಾರಿಗಾಗಿಯೂ ಕಾಯುವುದಿಲ್ಲ. ಯಂತ್ರಕ್ಕೆ ಒಗ್ಗಿದ ಹಸು ಕೈಗೆ ಸುಲಭವಾಗಿ ಸೊರೆ ಬಿಡುವುದಿಲ್ಲ. ಹಾಲು ಕೆಚ್ಚಲಲ್ಲೇ ಉಳಿದರೆ ಕೆಚ್ಚಲು ಬಾವಿನ ಭಯ ಬೇರೆ. ಇಂತಹ ಮನೆಗಳಿಗೆ ಈಗ ಹೈಬ್ರಿಡ್ ಸೌರ ಇನ್ವರ್ಟರ್ ಎಂಬ ಉಪಕರಣವನ್ನು ಮಾರಲು ಏಜೆಂಟರು ಬರುತ್ತಿದ್ದಾರೆ. ಫಲಕ, ಬ್ಯಾಟರಿ, ಇನ್ವರ್ಟರ್ ಎಲ್ಲವೂ ಸೇರಿ ಖರ್ಚು ಲಕ್ಷಗಳಲ್ಲಿ ಆಗುತ್ತದೆ. ಒಂದು ಜೊತೆ ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ, ನೊಗಕ್ಕೆ ಹೂಡಿ ನೋಡುವ ರೈತರು ಅದಕ್ಕಿಂತ ಹೆಚ್ಚು ಬೆಲೆಯ ಈ ಪೆಟ್ಟಿಗೆಯನ್ನು ಮಾತ್ರ ಬಣ್ಣದ ಕಾಗದ ನೋಡಿ ಕೊಳ್ಳುವುದು ತರವಲ್ಲ. ಇದನ್ನೂ ನೊಗಕ್ಕೆ ಹೂಡಿ ನೋಡುವ ಕ್ರಮಗಳಿವೆ.

ಉಪಕರಣದ ಪರಿಚಯ

ಸೌರ ಇನ್ವರ್ಟರುಗಳಲ್ಲಿ ಮೂರು ಬಗೆ. ಮೊದಲನೆಯದು ಲೈನಿಗೆ ಜೋಡಿಸುವಂಥದ್ದು, ಅಂದರೆ ಆನ್-ಗ್ರಿಡ್. ಇದಕ್ಕೆ ಬ್ಯಾಟರಿ ಇರುವುದಿಲ್ಲ. ಹಗಲಿನಲ್ಲಿ ಫಲಕದಿಂದ ಬಂದ ವಿದ್ಯುತ್ತನ್ನು ಮನೆಗೆ ಕೊಟ್ಟು, ಮಿಕ್ಕದ್ದನ್ನು ಕಂಬದ ತಂತಿಗೆ ಕಳುಹಿಸುತ್ತದೆ. ಎರಡನೆಯದು ಆಫ್-ಗ್ರಿಡ್. ಇದು ಬ್ಯಾಟರಿಯ ಮೇಲೆ ನಡೆಯುತ್ತದೆ, ತಂತಿಗೆ ಏನನ್ನೂ ಕಳುಹಿಸುವುದಿಲ್ಲ. ಮೂರನೆಯದು ಹೈಬ್ರಿಡ್. ಫಲಕ, ಬ್ಯಾಟರಿ, ಲೈನು ಈ ಮೂರನ್ನೂ ಒಂದೇ ಪೆಟ್ಟಿಗೆ ನಿಭಾಯಿಸುತ್ತದೆ. ಹೈಬ್ರಿಡ್ ಎಂಬ ಹೆಸರನ್ನು ಕೆಲವರು ಆಫ್-ಗ್ರಿಡ್ ಉಪಕರಣಗಳಿಗೂ ಹಚ್ಚುವುದುಂಟು. ಆದ್ದರಿಂದ ತಂತಿಗೆ ವಿದ್ಯುತ್ ಕಳುಹಿಸಲು ವಿದ್ಯುತ್ ಕಂಪನಿಯ ಒಪ್ಪಿಗೆ ಸಿಗುವ ಮಾದರಿ ಹೌದೇ ಅಲ್ಲವೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯತಕ್ಕದ್ದು.

ಆನ್-ಗ್ರಿಡ್ ಹಾಕಿಸಿಕೊಂಡ ಅನೇಕರಿಗೆ ಆಗುವ ನಿರಾಶೆ ಒಂದೇ. ಮಾಡಿನ ಮೇಲೆ ನಡುಹಗಲ ಬಿಸಿಲು ಸುರಿಯುತ್ತಿರುತ್ತದೆ, ಫಲಕಗಳೂ ಚೆನ್ನಾಗಿರುತ್ತವೆ, ಆದರೆ ಕರೆಂಟು ಹೋದೊಡನೆ ಮನೆಯೂ ಕತ್ತಲಾಗುತ್ತದೆ. ಇದು ಉಪಕರಣದ ದೋಷವಲ್ಲ. ಲೈನು ನಿಂತಾಗ ಇನ್ವರ್ಟರ್ ತಂತಿಗೆ ವಿದ್ಯುತ್ ಕಳುಹಿಸುತ್ತಲೇ ಇದ್ದರೆ, ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೇ ಅಪಾಯ. ಆದ್ದರಿಂದ ಲೈನು ನಿಂತ ಕೂಡಲೇ ತಾನೂ ತಂತಿಯಿಂದ ಕಡಿದುಕೊಳ್ಳುವ ಗುಣ ಇಂತಹ ಪ್ರತಿಯೊಂದು ಇನ್ವರ್ಟರಿಗೂ ಇರಲೇಬೇಕು. ಹೈಬ್ರಿಡ್ ಉಪಕರಣದ ಹೆಚ್ಚುಗಾರಿಕೆ ಎಂದರೆ, ಅದು ತಂತಿಯಿಂದ ಕಡಿದುಕೊಂಡ ಮೇಲೂ ಮನೆಯ ಒಳಗಿನ ಆಯ್ದ ಮಾರ್ಗಕ್ಕೆ ಬ್ಯಾಟರಿ ಹಾಗೂ ಬಿಸಿಲಿನಿಂದ ವಿದ್ಯುತ್ ಕೊಡುತ್ತದೆ.

ಸ್ಪ್ಲಿಟ್-ಫೇಸ್ ಎಂಬ ಮಾತು

ಹೊಸ ಮಾದರಿಗಳ ಜಾಹೀರಾತುಗಳಲ್ಲಿ ಈಗ ಸ್ಪ್ಲಿಟ್-ಫೇಸ್ ಹೈಬ್ರಿಡ್ ಎಂಬ ಹೆಸರು ಕಾಣುತ್ತದೆ. ಅಮೆರಿಕದಲ್ಲಿರುವ ಮಕ್ಕಳು ಅಲ್ಲಿನ ಮನೆಗೆ ಹಾಕಿಸಿದ್ದನ್ನು ಹೊಗಳಿ ಊರಿಗೂ ಅದೇ ಇರಲಿ ಎನ್ನುವುದುಂಟು. ಇಲ್ಲಿ ಸ್ವಲ್ಪ ನಿಲ್ಲಬೇಕಾದ ವಿಷಯವಿದೆ.

ಅಮೆರಿಕದ ಮನೆಗಳಿಗೆ ಟ್ರಾನ್ಸ್‌ಫಾರ್ಮರಿನಿಂದ ಮೂರು ತಂತಿಗಳು ಬರುತ್ತವೆ. ಸುರುಳಿಯ ಎರಡು ತುದಿಗಳಿಂದ ಎರಡು, ನಟ್ಟನಡುವಿನಿಂದ ಒಂದು. ನಡುವಿನದು ನ್ಯೂಟ್ರಲ್. ಯಾವುದೇ ತುದಿಗೂ ನಡುವಿಗೂ 120 ವೋಲ್ಟ್, ಎರಡು ತುದಿಗಳ ನಡುವೆ 240 ವೋಲ್ಟ್. ದೀಪ, ಟಿ.ವಿ.ಗಳು 120ರಲ್ಲಿ, ದೊಡ್ಡ ಒಲೆ, ನೀರು ಕಾಯಿಸುವ ಯಂತ್ರಗಳು 240ರಲ್ಲಿ ನಡೆಯುತ್ತವೆ. ನೊಗದ ಎರಡು ಕಡೆ ಎರಡು ಎತ್ತು, ನಡುವೆ ಮಿಣಿ ಎಂದು ತಿಳಿದರೆ ಚಿತ್ರ ಸರಿಯಾಗುತ್ತದೆ. ಒಂದು ಕಡೆ ಭಾರ ಹೆಚ್ಚಾದರೆ ನೊಗ ವಾಲುತ್ತದೆ; 10 ಕಿಲೋವ್ಯಾಟಿನ ಸ್ಪ್ಲಿಟ್-ಫೇಸ್ ಇನ್ವರ್ಟರಿನಲ್ಲಿ ಸಾಮಾನ್ಯವಾಗಿ ಒಂದು ಕಡೆಗೆ ಸಿಗುವುದು 5 ಕಿಲೋವ್ಯಾಟ್ ಮಾತ್ರ. ಮಿಣಿ ಹರಿದರೆ, ಅಂದರೆ ನ್ಯೂಟ್ರಲ್ ಕಡಿದರೆ, 120 ವೋಲ್ಟಿನ ಉಪಕರಣಗಳಿಗೆ ಅದರ ಇಮ್ಮಡಿಯ ಹತ್ತಿರ ಹೋಗುವ ಅಪಾಯವಿದೆ. ಅಲ್ಲಿ ಈ ಉಪಕರಣವನ್ನು ತೂಗಿ ನೋಡುವವರು ಮೊದಲು ನೋಡುವುದೇ ಈ ಎರಡು ಗುಣಗಳನ್ನು: ಎರಡೂ ಕಡೆಯ ಭಾರ ಸಮವಿಲ್ಲದಿದ್ದಾಗ ಎಷ್ಟು ತಾಳುತ್ತದೆ, ನಡು ತಂತಿಯನ್ನು ಎಷ್ಟು ಭದ್ರವಾಗಿ ಹಿಡಿದಿದೆ.

ಭಾರತದ ಮನೆಗಳಿಗೆ ಬರುವುದು 230 ವೋಲ್ಟ್, ಸೆಕೆಂಡಿಗೆ 50 ಆವರ್ತದ ವಿದ್ಯುತ್. ಅಮೆರಿಕದ್ದು 60 ಆವರ್ತ. ಅಲ್ಲಿನ ಇನ್ವರ್ಟರಿನ ಒಂದು ಕಡೆಗೆ ಇಲ್ಲಿನ ಫ್ರಿಜ್ ಜೋಡಿಸಿದರೆ ಮೋಟರು ತಿರುಗಲಾರದೆ ಗೊರಗೊರ ಸದ್ದು ಮಾಡಿ ಕಾಯುತ್ತದೆ. ಎರಡು ತುದಿಗಳಿಗೂ ಜೋಡಿಸಿದರೆ 240 ವೋಲ್ಟ್ ಸಿಗುತ್ತದೆ ನಿಜ, ಆದರೆ ಆಗ ಎರಡೂ ತಂತಿಗಳಲ್ಲಿ ಜೀವವಿರುತ್ತದೆ. ಇಲ್ಲಿನ ಮನೆಯ ಸ್ವಿಚ್ಚು ಒಂದೇ ತಂತಿಯನ್ನು ಕಡಿಯುತ್ತದೆ. ಸ್ವಿಚ್ಚು ಆರಿಸಿ ಬಲ್ಬು ಬದಲಿಸಲು ಕೈಹಾಕಿದವರಿಗೆ ಇನ್ನೊಂದು ತಂತಿಯಲ್ಲಿ 120 ವೋಲ್ಟ್ ಕಾದಿರುತ್ತದೆ. ಮೇಲಾಗಿ 60 ಆವರ್ತದಲ್ಲಿ ಮೋಟರು ಐದನೇ ಒಂದು ಭಾಗ ಹೆಚ್ಚು ವೇಗವಾಗಿ ತಿರುಗುತ್ತದೆ. ನೀರೆತ್ತುವ ಪಂಪಿಗೆ ಇದರಿಂದ ಬೀಳುವ ಹೊರೆ ಒಂದೂಮುಕ್ಕಾಲು ಪಟ್ಟಿನ ಸಮೀಪಕ್ಕೆ ಏರುತ್ತದೆ. ಸುರುಳಿ ಸುಡಲು ಇನ್ನೇನು ಬೇಕು? ಆದ್ದರಿಂದ ಆ ದೇಶದ ಮನೆಗಾಗಿ ಮಾಡಿದ ಇನ್ವರ್ಟರ್ ಎಷ್ಟೇ ಒಳ್ಳೆಯದಾಗಿರಲಿ, ಪುಕ್ಕಟೆ ಬಂದರೂ ಇಲ್ಲಿನ ಮನೆಗೆ ಬೇಡ.

ಕರ್ನಾಟಕದ ಹಳ್ಳಿಗಳಲ್ಲಿ ಈ ಹೆಸರು ಇನ್ನೊಂದು ತಪ್ಪು ತಿಳಿವಳಿಕೆಗೂ ದಾರಿ ಮಾಡಿದೆ. ಮೂರು ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ ಬರುವ ಕಡೆ, ಉಳಿದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಫೇಸ್ ಒಡೆದು ಮೂರು ಫೇಸಿನ ಪಂಪನ್ನು ನಡೆಸಿದವರು ಬಹಳ ಮಂದಿ. ಮೋಟರು ಸುಟ್ಟು ರಿವೈಂಡಿಂಗ್ ಅಂಗಡಿಗೆ ಹೊತ್ತವರೂ ಅಷ್ಟೇ ಮಂದಿ. ಸ್ಪ್ಲಿಟ್-ಫೇಸ್ ಎಂದ ಕೂಡಲೇ, ಒಂದು ಫೇಸನ್ನು ಒಡೆದು ತೋಟದ 5 ಅಶ್ವಶಕ್ತಿಯ ಮೋಟರನ್ನು ನಡೆಸುವ ಹೊಸ ಯಂತ್ರ ಬಂದಿದೆ ಎಂದು ಅವರು ತಿಳಿಯುವುದು ಸಹಜ. ಹಾಗಲ್ಲ. ಮನೆಯ ಒಂದು ಫೇಸಿನ ಹೈಬ್ರಿಡ್ ಇನ್ವರ್ಟರ್ ನೀರಾವರಿ ಪಂಪಿಗೆ ತಕ್ಕದ್ದಲ್ಲ. ಅದಕ್ಕೆ ಸೌರ ಪಂಪ್‌ಸೆಟ್‌ಗಳೇ ಬೇರೆ ಇವೆ. 2019ರಲ್ಲಿ ಆರಂಭವಾದ ಪಿ.ಎಂ. ಕುಸುಮ್ ಯೋಜನೆ ಅದಕ್ಕಾಗಿಯೇ ಇರುವಂಥದ್ದು. ಇನ್ನು ಮನೆಗೇ ಮೂರು ಫೇಸಿನ ಸಂಪರ್ಕವಿದ್ದವರು ಮೂರು ಫೇಸಿನ ಹೈಬ್ರಿಡ್ ಮಾದರಿಯನ್ನು ಕೇಳಬೇಕು, ಇಲ್ಲವೇ ಮುಖ್ಯವಾದ ಹೊರೆಗಳನ್ನು ಒಂದೇ ಫೇಸಿಗೆ ಒಟ್ಟುಗೂಡಿಸಿಕೊಳ್ಳಬೇಕು.

ಮೊದಲು ಮನೆಯ ಲೆಕ್ಕ

ಎಷ್ಟು ಕಿಲೋವ್ಯಾಟ್ ಬೇಕೆಂದು ಏಜೆಂಟರನ್ನು ಕೇಳಬಾರದು. ದೊಡ್ಡದನ್ನು ಮಾರಿದರೆ ಅವರಿಗೆ ಲಾಭ. ಒಂದು ವಾರ ಮನೆಯವರೇ ಬರೆದಿಟ್ಟುಕೊಂಡರೆ ಲೆಕ್ಕ ತಾನಾಗಿ ಸಿಗುತ್ತದೆ. ಉದಾಹರಣೆಗೆ, ಆರು ಹಸುಗಳಿರುವ ಒಂದು ಮನೆಯನ್ನು ತೆಗೆದುಕೊಂಡರೆ, 9 ವ್ಯಾಟಿನ 8 ದೀಪಗಳು 5 ಗಂಟೆ ಉರಿದರೆ 0.36 ಯೂನಿಟ್. 70 ವ್ಯಾಟಿನ 3 ಫ್ಯಾನುಗಳು 8 ಗಂಟೆ ತಿರುಗಿದರೆ 1.68. ಫ್ರಿಜ್ಜಿಗೆ ದಿನಕ್ಕೆ 1.2, ಟಿ.ವಿ.ಗೆ 0.32, ಮಿಕ್ಸಿಗೆ 0.25, ರುಬ್ಬುವ ಗ್ರೈಂಡರಿಗೆ 0.15, ಮೊಬೈಲು ಹಾಗೂ ಅಂತರಜಾಲದ ಪೆಟ್ಟಿಗೆಗೆ 0.3. ಕುಡಿಯುವ ನೀರಿನ 1 ಅಶ್ವಶಕ್ತಿ ಪಂಪು ಅರ್ಧ ಗಂಟೆ ನಡೆದರೆ 0.55. ಹಾಲು ಕರೆಯುವ ಯಂತ್ರ ಎರಡು ಹೊತ್ತು ಸೇರಿ ಒಂದು ಗಂಟೆಗೆ 1. ಎಲ್ಲ ಕೂಡಿದರೆ ದಿನಕ್ಕೆ 5.81, ತಿಂಗಳಿಗೆ ಸುಮಾರು 174 ಯೂನಿಟ್.

ಈ ಪಟ್ಟಿಯಲ್ಲಿ ಬಹಳ ಮಂದಿ ಮರೆಯುವುದು ಇನ್ವರ್ಟರಿನ ಸ್ವಂತ ಊಟ. 5 ಕಿಲೋವ್ಯಾಟಿನ ಉಪಕರಣ ಏನನ್ನೂ ನಡೆಸದೆ ಸುಮ್ಮನಿದ್ದರೂ 40ರಿಂದ 80 ವ್ಯಾಟ್ ತಿನ್ನುವುದು ಸಾಮಾನ್ಯ. 50 ವ್ಯಾಟ್ ಎಂದು ಹಿಡಿದರೂ ದಿನಕ್ಕೆ 1.2 ಯೂನಿಟ್, ಅಂದರೆ ಮನೆಯ ಫ್ರಿಜ್ಜಿನಷ್ಟೇ. ತಿಂಗಳಿಗೆ 36 ಯೂನಿಟ್. 174ಕ್ಕೆ ಇದನ್ನು ಕೂಡಿದರೆ 210. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳಿಗೆ ಈ ಸಂಖ್ಯೆ ಸಣ್ಣದಲ್ಲ. 2023ರ ಆಗಸ್ಟ್ ಬಿಲ್ಲಿನಿಂದ ಜಾರಿಯಾದ ಈ ಯೋಜನೆಯಲ್ಲಿ 200 ಯೂನಿಟ್ ದಾಟಿದವರು ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಬಿಸಿಲಿರುವಾಗ ಈ ಹೊರೆಯನ್ನು ಫಲಕವೇ ಹೊರುತ್ತದೆ. ಆಷಾಢದ ಮೋಡದಲ್ಲಿ, ಅಥವಾ ಫಲಕಗಳನ್ನು ಆಮೇಲೆ ಹಾಕಿಸುವುದೆಂದು ಬರೀ ಬ್ಯಾಟರಿಯೊಂದಿಗೆ ನಡೆಸುವಾಗ, ಅದು ಮೀಟರಿನಲ್ಲೇ ಏರುತ್ತದೆ.

ಇದೇ ಕಾರಣದಿಂದ, ಬಿಲ್ಲು ಉಳಿಯುತ್ತದೆ ಎಂಬ ಮಾತನ್ನು ತೂಗಿ ನೋಡಬೇಕು. ಈಗಾಗಲೇ ಸೊನ್ನೆ ಬಿಲ್ಲು ಬರುತ್ತಿರುವ ಮನೆಯಲ್ಲಿ ಉಳಿಯಲು ಏನಿದೆ? ಅಂತಹ ಮನೆಗೆ ಹೈಬ್ರಿಡ್ ಉಪಕರಣದ ಬೆಲೆ ಇರುವುದು ಕರೆಂಟು ಹೋದ ಹೊತ್ತಿನಲ್ಲಿ ಮಾತ್ರ: ಕೆಡದೆ ಉಳಿದ ಹಾಲಿನಲ್ಲಿ, ತಪ್ಪಿದ ಕೆಚ್ಚಲು ಬಾವಿನಲ್ಲಿ, ಓದುವ ಮಕ್ಕಳ ದೀಪದಲ್ಲಿ. ಅದು ಲಕ್ಷಗಳಿಗೆ ತೂಗುತ್ತದೆಯೇ ಎಂಬುದು ಆಯಾ ಮನೆಯವರೇ ಹೇಳಬೇಕಾದ ಮಾತು. ತಿಂಗಳಿಗೆ ಎಷ್ಟು ಸಲ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಕರೆಂಟು ಹೋಯಿತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಹೊರತು ಅದನ್ನು ಹೇಳಲಾಗದು. ವಾರಕ್ಕೆ ಒಮ್ಮೆ ಅರ್ಧ ಗಂಟೆ ಹೋಗುವ ಊರಿನಲ್ಲಿ ಸಾಧಾರಣ ಇನ್ವರ್ಟರೂ ಒಂದು ಬ್ಯಾಟರಿಯೂ ದೀಪ, ಫ್ಯಾನುಗಳಿಗೆ ಧಾರಾಳ ಸಾಕು.

ಫಲಕದ ಲೆಕ್ಕ ಸುಲಭ. ಕರ್ನಾಟಕದ ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಬೇಸಿಗೆಯಲ್ಲಿ ಹೆಚ್ಚು, ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಅರ್ಧಕ್ಕೂ ಇಳಿಯುವುದುಂಟು. ಮೇಲಿನ ಮನೆಗೆ ಇನ್ವರ್ಟರಿನ ಊಟವೂ ಸೇರಿ ದಿನಕ್ಕೆ 7 ಯೂನಿಟ್ ಬೇಕು. 550 ವ್ಯಾಟಿನ 4 ಫಲಕಗಳು, ಅಂದರೆ 2.2 ಕಿಲೋವ್ಯಾಟ್ ಸಾಕು. ಇದೇ ಮನೆಗೆ 5 ಕಿಲೋವ್ಯಾಟ್ ಫಲಕ ಹಾಕಿದರೆ ಮಿಕ್ಕ ವಿದ್ಯುತ್ ತಂತಿಗೆ ಹೋಗಬೇಕು; ಎರಡೂ ಕಡೆ ಎಣಿಸುವ ಮೀಟರು ಹಾಕಿಸಿ ಒಪ್ಪಂದವಾಗಿರದಿದ್ದರೆ ಅದು ವ್ಯರ್ಥ.

ಕಾಗದದಲ್ಲಿ ಓದಬೇಕಾದದ್ದು

ಪ್ರತಿ ಮಾದರಿಗೂ ಅದರ ಗುಣಲಕ್ಷಣಗಳ ಪಟ್ಟಿ ಇರುತ್ತದೆ. ಬಣ್ಣದ ಜಾಹೀರಾತು ಬೇರೆ, ಈ ಪಟ್ಟಿ ಬೇರೆ. ಎರಡನೆಯದನ್ನು ಕೇಳಿ ಪಡೆಯಬೇಕು. ವಿಸ್ತರಣಾ ಕಾರ್ಯಕರ್ತರು ಇದನ್ನು ಓದಿ ಹೇಳುವಷ್ಟು ಕಲಿತುಕೊಂಡರೆ ಹಳ್ಳಿಗೆ ಬಹಳ ಉಪಕಾರವಾಗುತ್ತದೆ.

ಮೊದಲನೆಯದು ಶಕ್ತಿ. 5 ಕೆ.ವಿ.ಎ. ಎಂದು ಬರೆದ ಉಪಕರಣ 5 ಕಿಲೋವ್ಯಾಟ್ ಕೊಡಬೇಕೆಂದಿಲ್ಲ, 4 ಕಿಲೋವ್ಯಾಟ್ ಕೊಡುವುದೂ ಉಂಟು. ಕಿಲೋವ್ಯಾಟ್ ಸಂಖ್ಯೆಯನ್ನೇ ನೋಡಬೇಕು. ಅದೂ ಎಷ್ಟು ಡಿಗ್ರಿ ಶಾಖದವರೆಗೆ ಎಂಬುದನ್ನು ನೋಡಬೇಕು. ಅನೇಕ ಮಾದರಿಗಳು 40 ಅಥವಾ 45 ಡಿಗ್ರಿ ದಾಟಿದ ಮೇಲೆ ತಮ್ಮ ಶಕ್ತಿಯನ್ನು ತಾವೇ ಇಳಿಸಿಕೊಳ್ಳುತ್ತವೆ. ರಾಯಚೂರು, ಕಲಬುರಗಿಗಳ ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮಾಡಿನ ಕೋಣೆಯ ಶಾಖ ಇದನ್ನು ದಾಟುವುದು ದೊಡ್ಡ ಮಾತಲ್ಲ.

ಎರಡನೆಯದು ಎಳೆತ. ಮೋಟರು ಹೊರಡುವಾಗ ನಡೆಯುವಾಗಿನ ನಾಲ್ಕರಿಂದ ಆರು ಪಟ್ಟು ಕರೆಂಟು ಎಳೆಯುತ್ತದೆ. 1 ಅಶ್ವಶಕ್ತಿಯ ಒಂದು ಫೇಸಿನ ಪಂಪು ನಡೆಯುವಾಗ 1.1 ಕಿಲೋವ್ಯಾಟ್ ಆದರೂ, ಹೊರಡುವ ಕ್ಷಣದಲ್ಲಿ 6 ಕೆ.ವಿ.ಎ.ಯ ಹತ್ತಿರ ಕೇಳಬಹುದು. 5 ಕಿಲೋವ್ಯಾಟಿನ ಉಪಕರಣ ಕೆಲವು ಸೆಕೆಂಡು ಎರಡು ಪಟ್ಟು ತಾಳುವಂತಿದ್ದರೆ ಇದು ಸಲೀಸು. 3 ಕಿಲೋವ್ಯಾಟಿನದಾದರೆ ಅಂಚಿನ ಮೇಲೆ ನಿಂತಂತೆ. ಪಂಪು, ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಮೂರನ್ನೂ ಒಟ್ಟಿಗೆ ಹೊರಡಿಸದಂತೆ ಮನೆಯವರು ರೂಢಿ ಮಾಡಿಕೊಂಡರೆ ಒಂದು ಅಳತೆ ಸಣ್ಣದನ್ನೇ ಕೊಳ್ಳಬಹುದು.

ಮೂರನೆಯದು ಫಲಕದ ವೋಲ್ಟು. ಇನ್ವರ್ಟರು ಚಳಿಗಾಲದಲ್ಲಿ ಕೆಡಲು ಇಲ್ಲಿ ಆದ ತಪ್ಪು ಕಾರಣವಾಗಬಹುದು. 550 ವ್ಯಾಟಿನ ಫಲಕವೊಂದು ಹೊರೆ ಇಲ್ಲದಾಗ ಸುಮಾರು 50 ವೋಲ್ಟ್ ತೋರಿಸುತ್ತದೆ. ಈ ಅಳತೆ 25 ಡಿಗ್ರಿ ಶಾಖದಲ್ಲಿ ಮಾಡಿದ್ದು. ಚಳಿ ಹೆಚ್ಚಿದಂತೆ ವೋಲ್ಟು ಏರುತ್ತದೆ. ಬೀದರಿನ ಜನವರಿ ಬೆಳಗಿನ 10 ಡಿಗ್ರಿಯಲ್ಲಿ ಅದು 52ಕ್ಕೆ ಬರುತ್ತದೆ. ಇನ್ವರ್ಟರಿನ ಮಿತಿ 500 ವೋಲ್ಟ್ ಎಂದಿದ್ದರೆ 10 ಫಲಕಗಳ ಸಾಲು 520 ವೋಲ್ಟ್ ಆಗಿ ಮಿತಿ ಮೀರಿತು. 9 ಫಲಕಗಳು 468ಕ್ಕೆ ನಿಂತು ಕ್ಷೇಮ. ಕಡಿಮೆ ವೋಲ್ಟಿನ ಮಾದರಿಗಳಲ್ಲಿ ಮಿತಿ 145 ವೋಲ್ಟ್ ಇರುವುದುಂಟು. ಅದಕ್ಕೆ 3 ಫಲಕಗಳನ್ನು ಸಾಲಾಗಿ ಜೋಡಿಸಿದರೆ ಚಳಿಯಿಲ್ಲದೆಯೇ 150 ಆಯಿತು. ಇಂತಹ ಹಾನಿಗೆ ಗ್ಯಾರಂಟಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧ: ಫಲಕ 65 ಡಿಗ್ರಿಗೆ ಕಾದಾಗ ಅದರ ಶಕ್ತಿ ನೂರಕ್ಕೆ ಹದಿಮೂರು ಹದಿನಾಲ್ಕರಷ್ಟು ಕುಗ್ಗುತ್ತದೆ. ಉರಿಬಿಸಿಲಿನಲ್ಲಿ ಪೂರ್ತಿ ವ್ಯಾಟ್ ಬರುತ್ತಿಲ್ಲವೆಂದು ಆಗ ದೂರಬೇಕಾಗಿಲ್ಲ.

ಭಾರತೀಯ ಮಾನಕಗಳಲ್ಲಿ ಸೌರ ಇನ್ವರ್ಟರಿನ ಸುರಕ್ಷತೆಗೆ ಐ.ಎಸ್. 16221, ಲೈನು ನಿಂತಾಗ ಕಡಿದುಕೊಳ್ಳುವ ಪರೀಕ್ಷೆಗೆ ಐ.ಎಸ್. 16169 ಇವೆ. ಈ ಎರಡು ಸಂಖ್ಯೆಗಳು ಪಟ್ಟಿಯಲ್ಲೂ ಪೆಟ್ಟಿಗೆಯ ಮೇಲಿನ ಫಲಕದಲ್ಲೂ ಇರುವುದನ್ನು ಕಣ್ಣಾರೆ ನೋಡತಕ್ಕದ್ದು.

ಬ್ಯಾಟರಿ ಮತ್ತು ಬೆಳಗಿನ ಹಾಲು

ಬ್ಯಾಟರಿಯಲ್ಲಿ ಎರಡು ದಾರಿ. 12 ವೋಲ್ಟ್, 150 ಆಂಪಿಯರ್-ಗಂಟೆಯ ನಾಲ್ಕು ಟ್ಯೂಬುಲರ್ ಸೀಸದ ಬ್ಯಾಟರಿಗಳು ಬರಹದಲ್ಲಿ 7.2 ಯೂನಿಟ್. ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು 3.2. 51.2 ವೋಲ್ಟ್, 100 ಆಂಪಿಯರ್-ಗಂಟೆಯ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ಬರಹದಲ್ಲಿ 5.1 ಯೂನಿಟ್ ಮಾತ್ರ. ಆದರೆ ಅದನ್ನು ನೂರಕ್ಕೆ 85ರಷ್ಟು ಬಳಸಬಹುದಾದ್ದರಿಂದ ಕೈಗೆ ಸಿಗುವುದು 3.9. ಬೆಲೆ ಹೆಚ್ಚು, ಬಾಳಿಕೆಯೂ ಹಲವು ಪಟ್ಟು ಹೆಚ್ಚು, ನೀರು ಹಾಕುವ ಕೆಲಸವಿಲ್ಲ.

ಈಗ ಉದಾಹರಣೆಯ ಮನೆಗೆ ಸಂಜೆ 6ಕ್ಕೆ ಕರೆಂಟು ಹೋಗಿ ಬೆಳಿಗ್ಗೆ 6ರವರೆಗೂ ಬರಲಿಲ್ಲವೆಂದು ಲೆಕ್ಕ ಹಾಕಬೇಕು. ದೀಪ 0.3, ಫ್ಯಾನು 1.7, ಟಿ.ವಿ. 0.25, ಫ್ರಿಜ್ 0.6, ಅಂತರಜಾಲದ ಪೆಟ್ಟಿಗೆ 0.15, ಇನ್ವರ್ಟರಿನ ಊಟ 0.6, ಬೆಳಗಿನ ಹಾಲಿಗೆ 0.5. ಒಟ್ಟು 4.1 ಯೂನಿಟ್. ಲಿಥಿಯಂ ಬ್ಯಾಟರಿಯ 3.9 ಇದಕ್ಕೆ ಸ್ವಲ್ಪದರಲ್ಲಿ ಸಾಲದು. ಆ ಸ್ವಲ್ಪ ಎಲ್ಲಿ ತಪ್ಪುತ್ತದೆ? ಕೊಟ್ಟಿಗೆಯಲ್ಲೇ, ಹಸುವಿಗೆ ಯಂತ್ರ ಹಚ್ಚಿದ ಹೊತ್ತಿನಲ್ಲೇ. ಏಜೆಂಟರು ಇನ್ನೊಂದು ಬ್ಯಾಟರಿ ಕೊಳ್ಳಿ ಎನ್ನುತ್ತಾರೆ. ಅದಕ್ಕಿಂತ ಬಹಳ ಅಗ್ಗದ ದಾರಿ, 70 ವ್ಯಾಟಿನ ಮೂರು ಫ್ಯಾನುಗಳ ಬದಲು 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನುಗಳನ್ನು ಹಾಕುವುದು. ರಾತ್ರಿಗೆ ಸುಮಾರು 1 ಯೂನಿಟ್ ಉಳಿದು ಲೆಕ್ಕ 3.1ಕ್ಕೆ ಬರುತ್ತದೆ.

ರೇಷ್ಮೆ ಸಾಕುವವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಶಾಖ ಬೇಕೆಂದು 1.5 ಕಿಲೋವ್ಯಾಟಿನ ಹೀಟರನ್ನು ಈ ಬ್ಯಾಟರಿಗೆ ಹಚ್ಚಿದರೆ ಎರಡೂವರೆ ಗಂಟೆಗೆ ಬರಿದಾಗುತ್ತದೆ. ಬ್ಯಾಟರಿ ಇರುವುದು ದೀಪ, ಫ್ಯಾನು, ತೇವ ಕೊಡುವ ಯಂತ್ರಗಳಿಗೆ. ಶಾಖಕ್ಕೆ ಬೇರೆ ವ್ಯವಸ್ಥೆಯೇ ಇರಲಿ.

ಇನ್ನು ಇನ್ವರ್ಟರಿನ ಆದ್ಯತೆಯ ಹೊಂದಿಕೆ. ಜೋಡಿಸಲು ಬಂದವರು ಸಾಮಾನ್ಯವಾಗಿ ಬಿಸಿಲು ಮೊದಲು, ಬ್ಯಾಟರಿ ಆಮೇಲೆ, ಲೈನು ಕೊನೆಗೆ ಎಂದು ಇಟ್ಟುಹೋಗುತ್ತಾರೆ. ಹಾಗಿಟ್ಟರೆ ಲೈನಿನಲ್ಲಿ ಕರೆಂಟು ಇದ್ದರೂ ಪ್ರತಿ ರಾತ್ರಿ ಬ್ಯಾಟರಿ ಖಾಲಿಯಾಗುತ್ತದೆ, ಮತ್ತು ಬೆಳಗಿನ ಜಾವ ನಾಲ್ಕಕ್ಕೆ ಕರೆಂಟು ಹೋದ ದಿನ ಹಾಲಿಗೆ ಏನೂ ಉಳಿದಿರುವುದಿಲ್ಲ. ಬಿಲ್ಲಿನ ಚಿಂತೆ ಇಲ್ಲದ ಮನೆಯವರು ಬಿಸಿಲು, ಲೈನು, ಬ್ಯಾಟರಿ ಎಂಬ ಕ್ರಮವನ್ನೇ ಇಡಿಸಿಕೊಳ್ಳಬೇಕು. ಬ್ಯಾಟರಿಯನ್ನು ದಿನವೂ ಬಳಸಿ ಬಿಲ್ಲು ಇಳಿಸಬೇಕೆನ್ನುವವರು, ಅರ್ಧಕ್ಕೆ ಇಳಿದ ಕೂಡಲೇ ಲೈನಿಗೆ ಹಿಂತಿರುಗುವಂತೆ ಮಿತಿ ಇಡಿಸಿಕೊಳ್ಳಲಿ. ಸೀಸದ ಬ್ಯಾಟರಿ ತೆಗೆದು ಲಿಥಿಯಂ ಹಾಕಿದಾಗ ಚಾರ್ಜಿನ ಹೊಂದಿಕೆಯನ್ನೂ ಬದಲಿಸಲೇಬೇಕು. ಸೀಸದ ಬ್ಯಾಟರಿಗಾಗಿ ಇರುವ ಸಮೀಕರಣ ಚಾರ್ಜು ಲಿಥಿಯಂಗೆ ಸಲ್ಲದು. ಬ್ಯಾಟರಿಯೊಳಗಿನ ಕಾವಲು ಮಂಡಲ, ಅಂದರೆ ಬಿ.ಎಂ.ಎಸ್., ಮತ್ತು ಇನ್ವರ್ಟರು ಒಂದನ್ನೊಂದು ಅರಿಯುವ ಮಾದರಿಗಳೇ ಎಂದು ಮೊದಲೇ ಕೇಳಿಕೊಳ್ಳುವುದು ಲೇಸು.

ಜೋಡಿಸಿದ ದಿನದ ಪರೀಕ್ಷೆಗಳು

ಕೊನೆಯ ಕಂತಿನ ಹಣ ಈ ಪರೀಕ್ಷೆಗಳಾಗುವವರೆಗೆ ಕೈಯಲ್ಲಿರಬೇಕು. ಕರಾರು ಬರೆಯುವಾಗಲೇ ಈ ಮಾತನ್ನು ಸೇರಿಸತಕ್ಕದ್ದು.

ಇನ್ವರ್ಟರಿನ ಸ್ವಂತ ಊಟವನ್ನು ಮನೆಯ ಮೀಟರಿನಲ್ಲೇ ಅಳೆಯಬಹುದು. ಬ್ಯಾಟರಿ ತುಂಬಿದ ಮೇಲೆ ಫಲಕದ ಸ್ವಿಚ್ಚನ್ನೂ ಮನೆಯ ಎಲ್ಲ ಉಪಕರಣಗಳನ್ನೂ ಆರಿಸಿ, ಲೈನಿನ ಮೇಲೆ ಇನ್ವರ್ಟರನ್ನು ಮಾತ್ರ ಬಿಡಬೇಕು. ಮೀಟರಿನ ಸಣ್ಣ ಕೆಂಪು ದೀಪ ಒಂದು ಯೂನಿಟ್ಟಿಗೆ ಎಷ್ಟು ಸಲ ಮಿನುಗುತ್ತದೆಂದು ಮೀಟರಿನ ಮೇಲೆಯೇ ಬರೆದಿರುತ್ತದೆ. 3200 ಎಂದಿದ್ದರೆ, 6 ನಿಮಿಷದಲ್ಲಿ 16 ಸಲ ಮಿನುಗಿದರೆ 50 ವ್ಯಾಟ್. 30 ಸಲ ಮಿನುಗಿದರೆ ಅದು ಹೊಟ್ಟೆಬಾಕ ಯಂತ್ರ.

ಬಳಿಕ ಮುಖ್ಯ ಸ್ವಿಚ್ಚು ಆರಿಸಿ, ಟಿ.ವಿ., ಫ್ರಿಜ್, ದೀಪಗಳು ಉರಿಯುತ್ತಿರುವಾಗಲೇ ಪಂಪನ್ನು ಹೊರಡಿಸಬೇಕು. ದೀಪಗಳು ಒಮ್ಮೆ ಕಣ್ಣು ಮಿಟುಕಿಸಿದರೆ ಅಡ್ಡಿಯಿಲ್ಲ. ಇನ್ವರ್ಟರ್ ಕೂಗಿ ನಿಂತರೆ ಅದು ಆ ಮನೆಗೆ ಸಾಲದು. ಹಾಲು ಕರೆಯುವ ಯಂತ್ರದೊಡನೆಯೂ ಹೀಗೆಯೇ. ಈ ಪರೀಕ್ಷೆಯನ್ನು ತಂಪು ಹೊತ್ತಿನಲ್ಲಿ ಒಮ್ಮೆ ಮಾಡಿ ಬಿಡಬಾರದು. ಮಧ್ಯಾಹ್ನ ಎರಡು ಗಂಟೆಗೆ, ಮುಕ್ಕಾಲು ಹೊರೆಯ ಮೇಲೆ ಒಂದು ಗಂಟೆ ನಡೆಸಿದ ಮೇಲೆ ಮತ್ತೊಮ್ಮೆ ಮಾಡಬೇಕು.

ಸಂಜೆಯ ಪರೀಕ್ಷೆ ಬೇರೆ. ಟಿ.ಸಿ.ಯಿಂದ ದೂರದ ಮನೆಗಳಿಗೆ ಸಂಜೆ ಹೊತ್ತು ವೋಲ್ಟು 180, 170ಕ್ಕೆ ಇಳಿಯುತ್ತದೆ. ಲೈನಿನ ವೋಲ್ಟಿನ ಹರವನ್ನು ಕಿರಿದಾಗಿ ಇಟ್ಟಿದ್ದರೆ, ಇನ್ವರ್ಟರು ಕರೆಂಟು ಹೋಯಿತೆಂದೇ ತಿಳಿದು ಬ್ಯಾಟರಿಗೆ ತಿರುಗುತ್ತದೆ. ಮನೆಯವರಿಗೆ ಗೊತ್ತೇ ಆಗದೆ ದಿನವೂ ಬ್ಯಾಟರಿ ಸವೆಯುತ್ತದೆ. ಅನೇಕ ಮಾದರಿಗಳಲ್ಲಿ 170ರಿಂದ 280 ಹಾಗೂ 90ರಿಂದ 280 ವೋಲ್ಟಿನ ಎರಡು ಹೊಂದಿಕೆಗಳಿರುತ್ತವೆ. ಎರಡನೆಯದರಲ್ಲಿ ಇಳಿದ ವೋಲ್ಟು ಫ್ರಿಜ್ಜಿಗೂ ಹಾಗೇ ಹೋಗುವುದರಿಂದ ಫ್ರಿಜ್ಜಿಗೆ ಸ್ಟೆಬಿಲೈಸರ್ ಬೇಕಾಗುತ್ತದೆ.

ಮುಂದಿನ ಎರಡು ಪರೀಕ್ಷೆಗಳನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು, ಮನೆಯವರು ಪಕ್ಕದಲ್ಲಿ ನಿಂತು ನೋಡಬೇಕು. ಒಂದು, ಬಿಸಿಲು ಚೆನ್ನಾಗಿದ್ದು ವಿದ್ಯುತ್ ತಂತಿಗೆ ಹೋಗುತ್ತಿರುವಾಗ ಮುಖ್ಯ ಸ್ವಿಚ್ಚು ಆರಿಸಿದರೆ, ಇನ್ವರ್ಟರಿನ ಲೈನಿನ ಕಡೆಯ ತುದಿಗಳು ಎರಡು ಸೆಕೆಂಡಿನೊಳಗೆ ಸತ್ತಿರಬೇಕು. ಮೀಟರು ಹಿಡಿದು ನೋಡಿ ಬರೆದುಕೊಡಬೇಕು. ಎರಡು, ಬ್ಯಾಟರಿಯ ಮೇಲೆ ನಡೆಯುವಾಗ ನ್ಯೂಟ್ರಲ್ಲಿಗೂ ಭೂಮಿಗೂ ಸಂಬಂಧ ಉಳಿಯುತ್ತದೆಯೇ ಎಂಬುದು. ಉಳಿಯದಿದ್ದರೆ, ಒದ್ದೆ ಕೊಟ್ಟಿಗೆಯಲ್ಲಿ ಯಂತ್ರದ ಮೈಗೆ ವಿದ್ಯುತ್ ಸೋರಿದರೂ ಪ್ರಾಣ ಕಾಯುವ ಆರ್.ಸಿ.ಸಿ.ಬಿ. ಕಡಿಯುವುದಿಲ್ಲ. ಅದರ ಪರೀಕ್ಷಾ ಗುಂಡಿಯನ್ನು ಒತ್ತಿ, ಕಡಿಯಿತಲ್ಲ ಎಂದು ಹೇಳುವವರುಂಟು. ಆ ಗುಂಡಿ ಭೂಮಿ ಇಲ್ಲದೆಯೂ ಕೆಲಸ ಮಾಡುತ್ತದೆ. ಅದರಿಂದ ಭೂಸಂಪರ್ಕದ ವಿಷಯ ಏನೂ ತಿಳಿಯದು. ಸೋರಿಕೆಯನ್ನು ಪರೀಕ್ಷಿಸುವ ಉಪಕರಣದಿಂದಲೇ, ಮೊದಲು ಲೈನಿನ ಮೇಲೆ, ಆಮೇಲೆ ಬ್ಯಾಟರಿಯ ಮೇಲೆ ನೋಡಬೇಕು. ಎಮ್ಮೆ, ಹಸುಗಳಿಗೆ ಮನುಷ್ಯರಿಗಿಂತ ಸಣ್ಣ ಸೋರಿಕೆಯೂ ತಟ್ಟುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಇನ್ವರ್ಟರನ್ನು ಕೊಟ್ಟಿಗೆಯ ಗೋಡೆಗೆ ಹಚ್ಚಬಾರದು. ಗಂಜಲದ ಆವಿ ತಾಮ್ರವನ್ನು ತಿನ್ನುತ್ತದೆ. ಅಡಿಗೆಮನೆಯ ಹೊಗೆ, ಹುಲ್ಲಿನ ಧೂಳು, ಇಲಿ, ಹಲ್ಲಿ, ಇರುವೆಗಳೂ ಇದರ ಶತ್ರುಗಳೇ. ಗಾಳಿಯಾಡುವ, ನೆರಳಿರುವ, ಮಳೆ ಎರಚಲು ಬಾರದ ಗೋಡೆ ಇರಲಿ. ಫಲಕಕ್ಕೂ, ಮನೆಯ ವೈರಿಂಗಿಗೂ, ಸಿಡಿಲು ನಿರೋಧಕಕ್ಕೂ ಬೇರೆ ಬೇರೆ ಭೂಸಂಪರ್ಕದ ಗುಂಡಿಗಳಿರಬೇಕು.

ಸಹಾಯಧನ

2024ರ ಫೆಬ್ರುವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆಯ ಮೇಲಿನ ಫಲಕಗಳಿಗೆ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯ ಕಿಲೋವ್ಯಾಟಿಗೆ 18,000 ರೂಪಾಯಿ, ಹೀಗೆ ಗರಿಷ್ಠ 78,000 ರೂಪಾಯಿ ಸಹಾಯಧನ ಗೊತ್ತುಮಾಡಲಾಯಿತು. ಇದು ಲೈನಿಗೆ ಜೋಡಿಸಿದ ವ್ಯವಸ್ಥೆಗೆ, ದೇಶದಲ್ಲೇ ತಯಾರಾದ ಫಲಕಗಳಿಗೆ. ಲೆಕ್ಕ ಕಿಲೋವ್ಯಾಟಿನ ಮೇಲೆ. ಬ್ಯಾಟರಿಗಾಗಿ ಬೇರೆ ಹಣವಿಲ್ಲ. ಲೈನಿನ ಸಂಬಂಧವೇ ಇಲ್ಲದ ಆಫ್-ಗ್ರಿಡ್ ಉಪಕರಣಕ್ಕೆ ಸಹಾಯಧನ ಕೊಡಿಸುತ್ತೇನೆಂದು ಮುಂಗಡ ಕೇಳುವವರಿಗೆ ಹಣ ಕೊಡುವ ಮೊದಲು ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಬೇಕು.

ರಿಪೇರಿಯ ವಿಷಯದಲ್ಲಿ ಒಂದೇ ಪ್ರಶ್ನೆ ಸಾಕು: ಇದೇ ಮಾದರಿಯನ್ನು ಎರಡು ವರ್ಷದ ಹಿಂದೆ ಹಾಕಿಸಿಕೊಂಡ ಮನೆ ಈ ತಾಲ್ಲೂಕಿನಲ್ಲಿ ಯಾವುದಿದೆ? ತೀರಾ ಹೊಸ ಮಾದರಿಗಾದರೆ ಅಂತಹ ಮನೆ ಇರಲಾರದು. ಆಗ ಗ್ಯಾರಂಟಿಯ ಕಾಗದದಲ್ಲಿ, ಕೆಟ್ಟ ಯಂತ್ರವನ್ನು ಕಳಚಿ ಒಯ್ದು ತರುವ ಖರ್ಚು ಯಾರದ್ದು, ಅಷ್ಟು ದಿನ ಬದಲಿ ಯಂತ್ರ ಕೊಡುತ್ತಾರೆಯೇ ಎಂಬೆರಡನ್ನು ಬರೆಸಿಕೊಳ್ಳಬೇಕು. ಮುಂಗಾರಿಗೆ ಮೊದಲು ಕೊಳ್ಳುವವರು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ದಿನವೂ ಸಂಜೆ ಇನ್ವರ್ಟರಿನ ಪರದೆಯಲ್ಲಿ ಕಾಣುವ ಆ ದಿನದ ಯೂನಿಟ್ಟನ್ನು, ಕೆಳಗೆ ಮನೆಯ ಮೀಟರಿನ ಅಂಕಿಯನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೇ ಒಂದು ಪಕ್ಕದಲ್ಲಿ ಬರೆದಿಡಲಿ. ಗ್ಯಾರಂಟಿಯ ಅವಧಿಯಲ್ಲಿ ಏಜೆಂಟರೊಡನೆ ಮಾತಿಗೆ ಕುಳಿತಾಗ ಆ ಪುಟಗಳು ಬೇಕಾಗುತ್ತವೆ.